ಮಗ್ಗದ ಕುಣಿಯಲ್ಲಿ ಸಿಕ್ಕ ಸಾಕ್ಷಿ

ಜಮಖಂಡಿಯ ವಕೀಲರ ಸಂಘದ ಕೋಣೆಯಲ್ಲಿ ಆಗ ನನ್ನನ್ನು 'ಎಲುಬಿನ ವಕೀಲ' ಎಂದು ಕರೆಯುತ್ತಿದ್ದರು. ಹಿನ್ನೀರಿನಲ್ಲಿ ಹೊಲಮನೆ ಮುಳುಗಿದವರ ಪರಿಹಾರದ ದಾವೆಗಳು ಬೀಳಗಿ, ಜಮಖಂಡಿ ಎರಡೂ ಕಡೆ ರಾಶಿ ಬಿದ್ದಿದ್ದ ಕಾಲ ಅದು. ಕರಿಕೋಟು ಹಾಕಿದವರೆಲ್ಲ ಮುಳುಗಡೆಯ ಹಿಂದೆ ಬಿದ್ದಿದ್ದರು. ನನ್ನ ಪಾಲಿಗೆ ಬಂದದ್ದು ಮುರಿದ ಕೈ, ಮುರಿದ ಕಾಲು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತಿದ್ದವು. ಹಿಂದಿನ ಟ್ರೇಲರಿಗೆ ದೀಪ ಹಚ್ಚುವುದು ಅಪಶಕುನ ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರೋ ಏನೋ, ಒಬ್ಬರೂ ಹಚ್ಚುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ನನ್ನ ಮೇಜಿನ ಮೇಲೆ ಕಡತಗಳಿಗಿಂತ ಎಕ್ಸ್‌ರೇ ಹಾಳೆಗಳೇ ಹೆಚ್ಚು ಇರುತ್ತಿದ್ದವು.

ಅಂಥ ಒಂದು ಹಂಗಾಮಿನಲ್ಲಿ ಬಂದವನು ರಬಕವಿಯ ಕೈಮಗ್ಗದ ನೇಕಾರ. ನಲವತ್ತರ ಆಸುಪಾಸು, ತೆಳ್ಳಗಿನ ಆಳು, ಮಾತು ಕಡಿಮೆ. ಸಂಜೆ ಬನಹಟ್ಟಿಯಿಂದ ಸೈಕಲ್ಲಿನ ಮೇಲೆ ಬರುವಾಗ ಕಬ್ಬಿನ ಟ್ರ್ಯಾಕ್ಟರೊಂದು ತಿರುವಿನಲ್ಲಿ ಗುದ್ದಿತ್ತು. ಡ್ರೈವರ್ ಒಳ್ಳೆಯವನು. ಓಡಿಹೋಗದೆ ತಾನೇ ಎತ್ತಿ ಆಸ್ಪತ್ರೆಗೆ ಹಾಕಿ, ಪೊಲೀಸರ ಮುಂದೆಯೂ ತಪ್ಪು ತನ್ನದೇ ಎಂದಿದ್ದ. ಹಾಗಾಗಿ ತಪ್ಪು ಯಾರದು ಎಂಬ ಜಗಳವೇ ಇರಲಿಲ್ಲ. ಉಳಿದಿದ್ದು ಒಂದೇ ಪ್ರಶ್ನೆ: ಈ ಮನುಷ್ಯ ಕಳೆದುಕೊಂಡದ್ದು ಎಷ್ಟು?

ಅವನ ಬಲ ಮೊಣಕಾಲು ಕೂಡಿಕೊಂಡ ಮೇಲೆ ಮಡಚುತ್ತಲೇ ಇರಲಿಲ್ಲ. ಕಡೆಗೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಡಾಕ್ಟರು ತಮ್ಮ ಪದ್ಧತಿಯ ಪ್ರಕಾರ ಕಾಲಿಗೆ ನೂರಕ್ಕೆ ಮೂವತ್ತು, ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು, ಅಂದರೆ ಹತ್ತು ಎಂದು ಪ್ರಮಾಣಪತ್ರ ಬರೆದುಕೊಟ್ಟರು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಗುಮಾಸ್ತನಿಗೆ ಅದು ಸರಿಯೇ ಇದ್ದೀತು. ಈತ ಕುಣಿಮಗ್ಗದವನು. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಎರಡೂ ಕಾಲು ಕೆಳಗಿಳಿಬಿಟ್ಟು ಹಲಗೆ ತುಳಿಯುತ್ತ ನೇಯಬೇಕು. ಮೊಣಕಾಲು ಮಡಚದವನಿಗೆ ಆ ಕುಣಿಗೆ ಇಳಿಯುವುದಕ್ಕೇ ಆಗದು. ಹತ್ತನೇ ವಯಸ್ಸಿನಿಂದ ಅದೊಂದೇ ಕೆಲಸ ಕಲಿತವನಿಗೆ ನಷ್ಟ ಹತ್ತಲ್ಲ, ನೂರಕ್ಕೆ ನೂರು. ಇದನ್ನು ನ್ಯಾಯಾಧೀಶರು ಒಪ್ಪಿದರೆ ಆ ಮನೆ ನೆಟ್ಟಗೆ ನಿಲ್ಲುತ್ತಿತ್ತು, ಒಪ್ಪದಿದ್ದರೆ ಔಷಧದ ಖರ್ಚಿನ ಮೇಲೆ ಇಷ್ಟೋ ಅಷ್ಟೋ ಸಿಕ್ಕು ಕಡತ ಮುಚ್ಚುತ್ತಿತ್ತು.

ನಮ್ಮ ನ್ಯಾಯಾಧೀಶರು ಮೈಸೂರು ಸೀಮೆಯವರು, ಕುಣಿಮಗ್ಗ ಕಂಡವರಲ್ಲ. ಅವರಿಗೆ ವಿವರಿಸಬೇಕಾದರೆ ಮೊದಲು ನನಗೆ ಗೊತ್ತಿರಬೇಕಲ್ಲ. ಒಂದು ಭಾನುವಾರ ರಬಕವಿಗೆ ಹೋಗಿ ಅವನ ಮಗ್ಗದ ಕುಣಿಗೆ ನಾನೇ ಇಳಿದೆ. ಇಳಿಯುವುದೇನೋ ಇಳಿದೆ, ನನ್ನ ಹೊಟ್ಟೆಗೂ ಎದುರಿನ ಬಟ್ಟೆ ಸುತ್ತುವ ಮರಕ್ಕೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಲಿಲ್ಲ. ನೇಕಾರನ ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು.

"ಸಾಹೇಬ್ರ, ಇಳ್ಯೂದು ಸಸಾರ ಐತ್ರಿ, ಏಳೂದ ಕಠಿಣ."

ಎಡಗಾಲು ಯಾವಾಗ, ಬಲಗಾಲು ಯಾವಾಗ ಎಂದು ಕೇಳಿದರೆ ಗಂಡ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳುತ್ತಿದ್ದಳು. "ಬಲಗಾಲ ಒತ್ತೂದ್ರಿ, ಲಾಳಿ ಬಿಡೂದ್ರಿ, ಹಣಗಿ ಬಡ್ಯೂದ್ರಿ, ಆಮ್ಯಾಲ ಎಡಗಾಲು. ಕಾಲು ಕೈ ಒಂದಕ್ಕೊಂದು ಮಾತಾಡಿಕೋತ ಹೋಗಬೇಕ್ರಿ." ಲಾಳಿ ಅಂದರೆ ಅಡ್ಡ ನೂಲು ಒಯ್ಯುವ ದೋಣಿ, ಹಣಿಗೆ ಅಂದರೆ ಆ ನೂಲನ್ನು ಬಿಗಿಯಾಗಿ ಕೂಡಿಸುವ ಬಾಚಣಿಗೆಯಂಥದ್ದು. ಎಲ್ಲವನ್ನೂ ಬರೆದುಕೊಂಡೆ. ಕುಣಿಯ ಆಳ ಅಳೆದೆ, ಹಲಗೆಯಿಂದ ಅಂಚಿಗೆ ಎಷ್ಟು ಎಂದು ಟೇಪು ಹಿಡಿದೆ. ಮಗ್ಗದ ಮೇಲೆ ಅರ್ಧ ನೇದ ಸೀರೆಯೊಂದು ಇತ್ತು. ನನ್ನ ಮೊಣಕೈ ಅದಕ್ಕೆ ತಾಗದಿರಲೆಂದು ಅವಳು ಅದರ ಮೇಲೆ ಬಟ್ಟೆ ಹೊದಿಸಿದಳು. ಇಷ್ಟೆಲ್ಲ ಅಳೆದ ನಾನು, ಗಂಡ ಕುಣಿಗೆ ಇಳಿಯಲಾರ ಅಂದಮೇಲೆ ಆ ಸೀರೆ ಅರ್ಧದ ತನಕ ಹೇಗೆ ಬಂತು ಎಂದು ಒಂದು ಮಾತು ಕೇಳಲಿಲ್ಲ. ವಿಚಾರವೇ ಹೊಳೆಯಲಿಲ್ಲ. ಕೊನೆಗೆ ಇಬ್ಬರೂ ಕೂಡಿ ನನ್ನ ರಟ್ಟೆ ಹಿಡಿದು ಮೇಲೆತ್ತಿದರು.

ನೇಕಾರನ ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ 'ಅಪಘಾತದ ನಂತರ ನಾನು ಒಂದು ದಿನವೂ ನೇಯ್ದಿಲ್ಲ, ನೇಯಲು ಆಗುವುದೂ ಇಲ್ಲ' ಎಂದು ಬರೆಸಿದೆ. ಅದು ಅಕ್ಷರಶಃ ಸತ್ಯವೂ ಆಗಿತ್ತು. ಪಾಟೀ ಸವಾಲಿನ ದಿನ ಬೆಳಿಗ್ಗೆ ನಾನು ಇಡ್ಲಿ ತಿಂದು ಹುರುಪಿನಲ್ಲೇ ಇದ್ದೆ.

ಟ್ರ್ಯಾಕ್ಟರಿನ ವಿಮಾ ಕಂಪನಿಯ ಪರ ಇದ್ದವರು ನನಗಿಂತ ಇಪ್ಪತ್ತು ವರ್ಷ ಹಿರಿಯ ವಕೀಲರು. ಕೋರ್ಟಿನೊಳಗೆ ಹುಲಿ, ಹೊರಗೆ ಬಂದರೆ ಚಹಾದ ದುಡ್ಡು ತಾವೇ ಕೊಡುವ ದೊಡ್ಡ ಮನಸ್ಸು. ಅವರು ಎದ್ದು ನಿಂತು, ಚೀಲದಿಂದ ಹಸಿರು ಒಡಲಿನ, ಕೆಂಪು ದಡಿಯ ಒಂದು ಹೊಸ ಸೀರೆ ತೆಗೆದರು. ಅದರ ಅಂಚಿಗೆ ಒಂದು ಸಣ್ಣ ಚೀಟಿ. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರು ಯಾವ ಮಗ್ಗದ ಸೀರೆ, ಯಾವ ದಿನ ಬಂತು ಎಂದು ಹಾಗೆ ಚೀಟಿ ಚುಚ್ಚುತ್ತಾರೆ.

"ಈ ಸೀರಿ ನಿಮ್ಮ ಮಗ್ಗದ್ದ ಹೌದಿಲ್ರಿ?"

"ಹೌದ್ರಿ."

"ಹ್ವಾದ ತಿಂಗಳ ಇಳಿದದ್ದು?"

"ಹೌದ್ರಿ."

"ನೇದವರು ಯಾರು?"

ಕೋರ್ಟಿನ ಹಿಂದಿನ ಬೆಂಚಿನ ಮೇಲೆ ನನ್ನ ಕಕ್ಷಿದಾರನ ಓಣಿಯ ಇಬ್ಬರು ಹಿರಿಯರು, ಇವನಿಗೆ ಧೈರ್ಯ ಇರಲೆಂದು ಬಂದವರು, ಕೂತಿದ್ದರು. ಅವರ ಕಡೆ ಒಮ್ಮೆ ನೋಡಿದ. ನಂತರ ಎದೆ ಸೆಟೆಸಿ, ಇಡೀ ದಾವೆಯಲ್ಲಿ ಎಂದೂ ಆಡದಷ್ಟು ಗಟ್ಟಿ ದನಿಯಲ್ಲಿ ಹೇಳಿದ:

"ನಾನ ನೇದೇನ್ರಿ."

ಹಿರಿಯ ವಕೀಲರು ಮುಂದೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸೀರೆಯನ್ನು ನೀಟಾಗಿ ಮಡಿಸಿ, ನಿಶಾನೆ ಹಾಕಿಸಿ, ಕೂತುಬಿಟ್ಟರು. ಬೆರಳಚ್ಚಿನವರ ಯಂತ್ರ ಟಕಟಕ ಎಂದು ಆ ನಾಲ್ಕು ಮಾತು ಬರೆದುಕೊಂಡಿತು. ಆಮೇಲೆ ಚಹಾದಂಗಡಿಯಲ್ಲಿ ಹಿರಿಯ ವಕೀಲರು ನನ್ನ ಬೆನ್ನು ತಟ್ಟಿದರು. "ತಮ್ಮಾ, ನಿನ್ನ ಕಕ್ಷಿದಾರ ನನಗಿಂತ ಛಲೋ ವಾದ ಮಾಡಿದ ನೋಡು." ಆ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಬೇವಿನ ಗಿಡದ ಕೆಳಗೆ ಗಂಡಹೆಂಡತಿಯನ್ನು ನಿಲ್ಲಿಸಿಕೊಂಡು ನಾನು ಹರಿಹಾಯ್ದೆ. "ಏನ್ರಿ, ತಲಿ ನೆಟ್ಟಗೈತಿಲ್ಲೋ? ಆ ಕಾಲ ತಗೊಂಡು ನೀವು ಕುಣಿಗೆ ಇಳದ್ರ್ಯಾ? ಸುಳ್ಳ ಹೇಳೂದಾದ್ರ ನಿಮ್ಮ ಕಡೆ ಹೇಳಬೇಕಿಲ್ರಿ, ಅವರ ಕಡೆ ಯಾಕ ಹೇಳಿದ್ರಿ?" ಉತ್ತರ ಕೊಟ್ಟವಳು ಹೆಂಡತಿ.

"ಆ ಸೀರಿ ನಾ ನೇದೇನ್ರಿ."

ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲ ಹೊರಬಂತು. ಅವರ ಓಣಿಯಲ್ಲಿ ಹೆಂಗಸರು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾರೆ, ಉದ್ದ ನೂಲಿನ ಹಾಸು ಹೂಡುತ್ತಾರೆ, ಹರಿದ ಎಳೆ ಕೂಡಿಸುತ್ತಾರೆ. ಕುಣಿ ಮಾತ್ರ ಗಂಡಸಿನ ಜಾಗ. ಗಂಡ ಹಾಸಿಗೆ ಹಿಡಿದ ಎರಡನೇ ತಿಂಗಳು ಇವಳು ಬೇರೆ ದಾರಿ ಕಾಣದೆ ಕುಣಿಗೆ ಇಳಿದಿದ್ದಳು. ಓಣಿಗೆ ಗೊತ್ತಾಗಬಾರದೆಂದು ಅವನೊಂದು ಉಪಾಯ ಮಾಡಿದ್ದ. ಅವಳು ನೇಯುವಷ್ಟು ಹೊತ್ತು ತಾನೂ ಬಾಗಿಲು ಹಾಕಿಕೊಂಡು ಒಳಗೇ ಕೂತಿರುತ್ತಿದ್ದ. ಹೊರಗಿನವರಿಗೆ ಮಗ್ಗದ ಸದ್ದು ಕೇಳುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಕುಂಟುಗಾಲಲ್ಲೂ ಎಂಥಾ ಛಲದ ಮನುಷ್ಯ ಎಂದು ಓಣಿಯೆಲ್ಲ ಹೊಗಳುತ್ತಿತ್ತಂತೆ.

"ಹೇಣ್ತಿ ನೇದದ್ದು ತಿನ್ನಾಂವ ಅಂತಾರ್ರಿ ಸಾಹೇಬ್ರ," ಎಂದ ಅವನು, ಮೊದಲ ಸಲ ಬಾಯಿ ಬಿಟ್ಟು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ನಗು ಬೇಗ ಆರಿತು. ಹಿರಿಯ ವಕೀಲರು ಓಣಿಯ ಇಬ್ಬರನ್ನು ಸಾಕ್ಷಿಗೆ ಕರೆಸಲು ಅರ್ಜಿ ಹಾಕುವವರಿದ್ದರು. ಅವರು ಬಂದು ದೇವರ ಆಣೆ ಮಾಡಿ, 'ದಿನಾ ಮಗ್ಗ ಬಡಿಯೋದು ಕೇಳೇವಿ, ಮನುಷ್ಯ ಒಳಗೇ ಇರ್ತಾನ' ಎನ್ನುತ್ತಿದ್ದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಾಗುತ್ತಿರಲಿಲ್ಲ. ನನ್ನ ಕಕ್ಷಿದಾರ ತನ್ನ ವಿರುದ್ಧವೇ ಇಡೀ ಓಣಿಯನ್ನು ಸಾಕ್ಷಿ ಮಾಡಿಟ್ಟಿದ್ದ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ತೇಪೆ ಇದೆ. ಸಾಕ್ಷಿದಾರ ಗಾಬರಿಯಾಗಿ ಪ್ರಶ್ನೆ ಅರ್ಥವಾಗದೆ ಉತ್ತರ ಕೊಟ್ಟ ಎಂದು ಅರ್ಜಿ ಬರೆದು, ಮತ್ತೆ ಕಟಕಟೆಗೆ ಹತ್ತಿಸಿ, 'ಇಲ್ಲ' ಎನ್ನಿಸುವುದು. ಹಿಂದೆ ನಾನೂ ಮಾಡಿದ್ದೇನೆ. ಆ ಮಧ್ಯಾಹ್ನ ಅರ್ಜಿಯ ಅರ್ಧ ಪುಟ ಬರೆದೂ ಬರೆದೆ. ಬರೆಯುತ್ತ ಬರೆಯುತ್ತ ಆ ಹೆಂಗಸು ಕುಣಿಯ ಅಂಚಿಗೆ ನಿಂತು ಕಾಲು ಕೈ ಲೆಕ್ಕ ಹೇಳಿದ್ದು ನೆನಪಾಯಿತು. ಅವಳನ್ನು ಮುಚ್ಚಿಟ್ಟು ಗೆಲ್ಲಲು ಹೊರಟರೆ ಆ ಸೀರೆ ಯಾರು ನೇದದ್ದು ಎಂಬುದಕ್ಕೆ ಇನ್ನೊಂದು ಸುಳ್ಳು ಹುಟ್ಟಿಸಬೇಕು, ಅದಕ್ಕೊಂದು ಮತ್ತೊಂದು. ಹಾಳೆ ಹರಿದು ಹಾಕಿದೆ. ನೇಕಾರನಿಗೆ ನೇರವಾಗಿ ಹೇಳಿದೆ: ನಿಮ್ಮ ಹೆಂಡತಿ ಸಾಕ್ಷಿ ಹೇಳಬೇಕು, ಆಮೇಲೆ ನೀವೂ ಮತ್ತೆ ಹತ್ತಿ ಸುಳ್ಳು ಹೇಳಿದ್ದು ಒಪ್ಪಿಕೊಳ್ಳಬೇಕು.

"ಕೇಸ್ ಹ್ವಾದ್ರ ಹೋಗ್ಲಿ ಬಿಡ್ರಿ," ಎಂದು ಅವನು ಕೋಲು ಊರಿಕೊಂಡು ಹೊರಟೇ ಹೋದ.

ಹತ್ತು ಹನ್ನೆರಡು ದಿನ ಸುದ್ದಿಯಿಲ್ಲ. ಮುಂದಿನ ತಾರೀಕಿಗೆ ಮೂರು ದಿನ ಇರುವಾಗ ಹೆಂಡತಿ ಒಬ್ಬಳೇ ಬಸ್ಸು ಹಿಡಿದು ಜಮಖಂಡಿಗೆ ಬಂದಳು.

"ಇವರು ಹೂಂ ಅಂದಾರ್ರಿ."

"ಹೆಂಗ ಒಪ್ಪಸಿದಿ ಅಕ್ಕಾ?"

"ಒಪ್ಪಸೂದೇನ್ರಿ ಅದು? ನಾ ಸಾಕ್ಷಿ ಹೇಳಾಕ ಹೊಂಟೇನಿ, ನೀವು ಬರೂದಿದ್ರ ಬರ್ರಿ, ಇಲ್ಲಂದ್ರ ಮನ್ಯಾಗ ಕುಂದರ್ರಿ ಅಂದೆ. ಎರಡ ದಿನ ಮಾತ ಬಿಟ್ರು. ಇವತ್ತ ಮುಂಜಾನೆ ಬಸ್ಸಿನ ಟೈಮ್ ಅವರ ಹೇಳಿದ್ರು."

ಅವಳ ಮಾತೊಂದೇ ಸಾಲದು. ಹೆಂಡತಿ ಗಂಡನ ಪರ ಹೇಳಿಯೇ ಹೇಳುತ್ತಾಳೆ ಎಂದುಬಿಟ್ಟರೆ ಮುಗಿಯಿತು. ಹೊರಗಿನವರೊಬ್ಬರು ಬೇಕಿತ್ತು. ಅವರಿಗೆ ನೂಲು ಕೊಡುವ ಸೀರೆ ಸಾಹುಕಾರರ ಅಂಗಡಿಗೆ ಹೋದೆ. ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವರು ನನ್ನ ಮಾತು ಮುಗಿಯುವ ಮೊದಲೇ ತಲೆಯಾಡಿಸಿದರು.

"ನನಗ ಯಾವಾಗೋ ಗೊತ್ತೈತ್ರಿ. ಎರಡ ಸೀರಿ ನೋಡಿದಮ್ಯಾಲ ಕೈ ಬದಲಾಗೇತಿ ಅನ್ನೂದು ತಿಳೀತು. ಆದ್ರ ಮನಿ ಮರ್ಯಾದಿ ವಿಷಯ, ನಾ ಯಾಕ ಬಾಯಿ ಹಾಕಲಿ?"

"ಸೀರಿ ನೋಡಿ ಯಾರ ಕೈ ಅಂತ ಹೇಳ್ತೀರಿ?"

"ನಿಮ್ಮ ಮಗನ ಅಕ್ಷರ ನಿಮಗ ಗೊತ್ತಾಗೂದಿಲ್ಲೇನ್ರಿ?"

ಅಲ್ಲಿಗೆ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುವಿಚಾರಣೆಗೆ ಅರ್ಜಿ ಹಾಕಿದೆ. ನಿಜವಾದ ಕಾರಣವನ್ನೇ ಬರೆದೆ. ನ್ಯಾಯಾಧೀಶರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇಂಥ ಅರ್ಜಿ ನಾನು ನೋಡೇ ಇಲ್ಲ," ಎಂದು ಮಂಜೂರು ಮಾಡಿದರು.

ಮೊದಲು ಹೆಂಡತಿ ಹತ್ತಿದಳು. ಹಿರಿಯ ವಕೀಲರು ಬಿಡಲಿಲ್ಲ. "ನೀ ಎಂದೂ ಮಗ್ಗಕ್ಕ ಕುಂತಾಕಿ ಅಲ್ಲ. ಒಂದ ವರ್ಷದಾಗ ಇಂಥಾ ಸೀರಿ ನೇಯಾಕ ಕಲತಿ ಅಂದ್ರ ಯಾರು ನಂಬತಾರ?"

"ಹದಿನೆಂಟ ವರ್ಷ ಮಗ್ಗದ ಬಾಜೂಕ ಕುಂತು ಕಂಡಕಿ ಸುತ್ತೇನ್ರಿ. ಕಣ್ಣ ಮುಚ್ಚಿ ಸುತ್ತಿಲ್ಲಲ್ರಿ?"

ನ್ಯಾಯಾಧೀಶರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನಗು ಮುಚ್ಚಲು ಅವರು ಹಾಗೆ ಮಾಡುತ್ತಾರೆಂದು ನಮಗೆಲ್ಲ ಗೊತ್ತಿತ್ತು.

ನಂತರ ಸಾಹುಕಾರರು. ಒಂದೇ ಬಣ್ಣದ ನಾಲ್ಕು ಹೊಸ ಸೀರೆ ತಂದಿದ್ದರು. ಎರಡು ಅಪಘಾತಕ್ಕಿಂತ ಮೊದಲಿನವು, ಮಾರಾಟವಾಗದೆ ಉಳಿದವು. ಎರಡು ಆಮೇಲಿನವು. ಹಿರಿಯ ವಕೀಲರು ಎದ್ದು, "ಸೀರೆ ವ್ಯಾಪಾರಿ ಏನು ಬೆರಳಗುರುತಿನ ತಜ್ಞರೇ?" ಎಂದು ತಕರಾರು ತೆಗೆದರು. "ನೋಡೋಣ ಇರಿ," ಎಂದರು ನ್ಯಾಯಾಧೀಶರು. ಗುಮಾಸ್ತರನ್ನು ಕರೆದು ಚೀಟಿಗಳ ಮೇಲೆ ಕಾಗದ ಅಂಟಿಸಲು, ಸೀರೆಗಳನ್ನು ಹಿಂದುಮುಂದು ಮಾಡಲು ಹೇಳಿದರು. ಸಾಹುಕಾರರು ಕಿಸೆಯಿಂದ ನೂಲು ಎಣಿಸುವ ಪುಟ್ಟ ಭೂತಗನ್ನಡಿ ತೆಗೆದು, ಕಟಕಟೆಯ ಕಟ್ಟಿಗೆಯ ಮೇಲೆ ಸೀರೆ ಹರಡಿ, ಬಗ್ಗಿದರು. ಇಡೀ ಕೋರ್ಟು ಅವರ ಜೊತೆ ಬಗ್ಗಿತು. ಪಕ್ಕದ ಹಾಲಿನಿಂದಲೂ ಕರಿಕೋಟುಗಳು ಬಂದು ಬಾಗಿಲಿಗೆ ನಿಂತವು.

"ಇದು ಆಕಿದು. ಇದು ಅವಂದು. ಇದೂ ಅವಂದು. ಇದು ಆಕಿದು."

ಗುಮಾಸ್ತರು ಕಾಗದ ಕಿತ್ತರು. ನಾಲ್ಕೂ ಸರಿ.

"ಹೇಗೆ ಗೊತ್ತಾಯಿತು?" ಎಂದು ನ್ಯಾಯಾಧೀಶರೇ ಕೇಳಿದರು.

"ಅಂವ ಮುಂಜಾನೆ ಬಿಗಿ ಬಡೀತಾನ್ರಿ, ಸಂಜಿಕ ಕೈ ಸಡಲ ಆಗತೈತಿ. ಮುಂಜಾನೆ ನೇದಲ್ಲೆ ಎಳಿ ಒತ್ತಾಗಿ ಇರತಾವ, ಸಂಜಿ ನೇದಲ್ಲೆ ಬಿಡಿಬಿಡಿ. ಈಕಿದು ಹಂಗಲ್ರಿ. ಸೆರಗಿಂದ ಸೆರಗಿಗೆ ಒಂದ ಸಮ."

ನಾನು ಮನಸ್ಸಿನಲ್ಲೇ ಪೇಢೆ ಹಂಚಲು ಶುರು ಮಾಡಿದ್ದೆ. ಹಿರಿಯ ವಕೀಲರು ನಿಧಾನವಾಗಿ ಎದ್ದರು.

"ಸಾಹುಕಾರ್ರ, ಈ ಎರಡ ಕೈಯಾಗ ಛಲೋ ಕೈ ಯಾರದು?"

ಸಾಹುಕಾರರು ನೇಕಾರನ ಕಡೆ ನೋಡಿದರು, ತಲೆ ಕೆರೆದುಕೊಂಡರು. "ಆಣಿ ಮಾಡೇನಿ, ಖರೇನ ಹೇಳಬೇಕಲ್ರಿ. ಆಕಿದು."

ಕೋರ್ಟು ಗೊಳ್ಳೆಂದಿತು. ಆಗ ಹಿರಿಯ ವಕೀಲರು ತಮ್ಮ ಗಾಳ ಎಳೆದರು. ಮೊದಲಿಗಿಂತ ಛಲೋ ಸೀರೆ ಆ ಮನೆಯಿಂದ ಬರುತ್ತಿದೆ, ಅಂದಮೇಲೆ ಆ ಮನೆಗೆ ನಷ್ಟವಾದದ್ದು ಏನು? ಗಂಡ ನೇಯಲಾರ ಎಂದು ತೋರಿಸುವ ಭರದಲ್ಲಿ, ಹೆಂಡತಿ ನೇಯಬಲ್ಲಳು ಎಂದು ನಾನೇ ಇಡೀ ಊರಿಗೆ ಸಾರಿದ್ದೆ. ಆ ರೀತಿ ಯೋಚಿಸಿಯೇ ಇರಲಿಲ್ಲ.

ಎದ್ದು ನಿಂತಾಗ ನನ್ನ ಬಳಿ ಪುಸ್ತಕದ ತೀರ್ಪು ಯಾವುದೂ ಇರಲಿಲ್ಲ. ಕುಣಿಯಲ್ಲಿ ಸಿಕ್ಕಿಕೊಂಡಿದ್ದ ನೆನಪು ಮಾತ್ರ ಇತ್ತು. ಅದನ್ನೇ ಹೇಳಿದೆ. ಸ್ವಾಮಿ, ಆ ಮಗ್ಗಕ್ಕೆ ಯಾವಾಗಲೂ ಎರಡು ಆಳಿನ ಕೆಲಸ, ಒಬ್ಬರು ಕುಣಿಯಲ್ಲಿ, ಒಬ್ಬರು ಮೇಲೆ. ಇವಳು ಕುಣಿಗೆ ಇಳಿದ ಮೇಲೆ ಮೇಲಿನ ಕೆಲಸವೇನು ನಿಂತಿಲ್ಲ. ಬೆಳಿಗ್ಗೆ ಎದ್ದು ಅದನ್ನು ಮುಗಿಸಿ ಆಮೇಲೆ ಕೆಳಗೆ ಇಳಿಯುತ್ತಾಳೆ. ಟ್ರ್ಯಾಕ್ಟರು ಗಂಡನ ಕಾಲು ಮುರಿಯಿತು, ಅದರ ದಂಡ ಇವಳ ಬೆನ್ನು ಯಾಕೆ ಕಟ್ಟಬೇಕು? ಇವಳು ಕೈ ಕಟ್ಟಿ ಕೂತಿದ್ದರೆ ಕಂಪನಿ ಪೂರ್ತಿ ಕೊಡುತ್ತಿತ್ತು. ದುಡಿದಳು ಎಂಬ ತಪ್ಪಿಗೆ ಕಡಿಮೆ ಕೊಡುತ್ತದೆಯೇ?

ನ್ಯಾಯಾಧೀಶರು ಏನನ್ನೋ ಬರೆದುಕೊಂಡರು. "ಮೊದಲನೇ ಸಾಕ್ಷಿಯನ್ನು ಕರೆಯಿರಿ," ಎಂದರು.

ನೇಕಾರ ಕೋಲು ಊರುತ್ತ ಕಟಕಟೆ ಹತ್ತಿದ. ಹಿಂದಿನ ಬೆಂಚಿನ ಮೇಲೆ ಅದೇ ಇಬ್ಬರು ಹಿರಿಯರು, ಇವತ್ತು ಅವರ ಜೊತೆ ಇನ್ನೂ ಐದಾರು ಜನ. ಹೆಂಡತಿ ಗೋಡೆಗೆ ಒರಗಿ ನಿಂತು ಕಾಲಬೆರಳು ನೋಡುತ್ತಿದ್ದಳು. ಇವನು ಮತ್ತೊಮ್ಮೆ ಎದೆ ಸೆಟೆಸಿದರೆ ಸಾಹುಕಾರರ ಭೂತಗನ್ನಡಿಯೂ ನಮ್ಮನ್ನು ಉಳಿಸುತ್ತಿರಲಿಲ್ಲ.

"ಹ್ವಾದ ಸಲ ಆಣಿ ಮಾಡಿ ನಾನ ನೇದೇನಿ ಅಂದ್ರಿ," ಎಂದರು ಹಿರಿಯ ವಕೀಲರು. "ಅವಾಗ ಸುಳ್ಳೋ, ಈಗ ಸುಳ್ಳೋ?"

"ಅವಾಗ ಸುಳ್ಳ ಹೇಳೇನ್ರಿ."

"ಯಾಕ?"

"ಓಣಿ ಹಿರೇರು ಹಿಂದ ಕುಂತಿದ್ರು."

"ಅವರು ಈಗಲೂ ಕೂತಿದ್ದಾರಲ್ಲ," ಎಂದರು ನ್ಯಾಯಾಧೀಶರು, ಮೆಲ್ಲಗೆ.

ನೇಕಾರ ತಿರುಗಿ ನೋಡಿದ.

"ಕುಂದರ್ಲಿ ಬಿಡ್ರಿ. ಅವರೂ ಕೇಳ್ಲಿ. ನಾ ಮೂವತ್ತ ವರ್ಷ ನೇದೇನ್ರಿ. ಈಕಿ ಒಂದ ವರ್ಷದಾಗ ನನ್ನ ಹಿಂದ ಹಾಕ್ಯಾಳ. ದಿನಾ ಬಾಜೂಕ ಕುಂತು ನೋಡೇನ್ರಿ. ಒಂದ ದಿನಾನೂ ಛಲೋ ಅಂತ ಬಾಯಿ ಬಿಟ್ಟ ಅಂದಿಲ್ಲ."

ಹಿರಿಯ ವಕೀಲರು ಮುಂದಿನ ಪ್ರಶ್ನೆಗಾಗಿ ತಮ್ಮ ಹಾಳೆ ನೋಡಿದರು, ನನ್ನನ್ನು ನೋಡಿದರು, "ಪ್ರಶ್ನೆಗಳಿಲ್ಲ," ಎಂದು ಕೂತರು. ಹೆಂಡತಿ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು. ಈ ಸಲ ಅದು ನಗುವಾಗಿರಲಿಲ್ಲ. ನನ್ನ ಕಣ್ಣಿನಲ್ಲೂ ನೀರು ಬಂತು ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ತಿಂಗಳ ನಂತರ ತೀರ್ಪು ಬಂತು. ನೇಕಾರನಾಗಿ ದುಡಿಯುವ ಶಕ್ತಿ ಪೂರ್ಣ ಹೋಗಿದೆ ಎಂದೇ ಲೆಕ್ಕ ಹಿಡಿದಿದ್ದರು. ಕಂಪನಿ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಹೋಗಬೇಡಿ ಎಂದು ಸಲಹೆ ಬರೆದವರು ಆ ಹಿರಿಯ ವಕೀಲರೇ. ಅಂದಿನ ಚಹಾ ನಾನು ಕೊಡಿಸಿದೆ.

ತೀರ್ಪಿನ ಪ್ರತಿ ತೆಗೆದುಕೊಂಡು ರಬಕವಿಗೆ ಹೋದೆ. ಅದು ಇಂಗ್ಲಿಷಿನಲ್ಲಿತ್ತು, ನಾನು ಕನ್ನಡ ಮಾಡಿ ಹೇಳುತ್ತ ಹೋದೆ. ಎಷ್ಟು ಹಣ ಎಂದಾಗ ನೇಕಾರ ಸುಮ್ಮನೆ ತಲೆಯಾಡಿಸಿದ. ನಂತರ ಕೇಳಿದ:

"ಆಕಿ ಬಗ್ಗೆ ಏನರ ಬರದಾರೇನ್ರಿ?"

ಪುಟ ತಿರುವಿ ಆ ಸಾಲು ಹುಡುಕಿದೆ. 'ಅರ್ಜಿದಾರನ ಹೆಂಡತಿ ತನ್ನ ಸ್ವಂತ ಯೋಗ್ಯತೆಯಿಂದ ನುರಿತ ನೇಕಾರಳು. ಆಕೆಯ ದುಡಿಮೆ ಆಕೆಯದು. ಅದರ ಲಾಭ ವಿಮಾ ಕಂಪನಿಗೆ ಸಲ್ಲದು.'

"ಇನ್ನೊಮ್ಮೆ ಓದ್ರಿ."

ಓದಿದೆ. ಅವನು ಕೋಲು ಹಿಡಿದು ಎದ್ದ. ಕುಂಟುತ್ತ ಕಟ್ಟೆಗೆ ಹೋಗಿ, ನನಗೂ ಬಾ ಎಂದು ಕೈ ಮಾಡಿದ. ಮಧ್ಯಾಹ್ನದ ಹೊತ್ತು, ಓಣಿಯ ಎರಡೂ ಮಗ್ಗುಲಿಗೆ ಮಗ್ಗಗಳು ಬಡಿಯುತ್ತಿದ್ದವು.

"ಇಲ್ಲೆ ನಿಂತ ಓದ್ರಿ ಸಾಹೇಬ್ರ. ಕೋರ್ಟಿನ್ಯಾಗ ಓದಿದಂಗ ಅಲ್ಲ, ಜರಾ ದೊಡ್ಡ ದನೀಲೆ."

ನಾನು ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, ಬೀದಿಗೆ ಕೇಳುವಂತೆ ಓದಿದೆ. ಒಂದೊಂದೇ ಮಗ್ಗ ನಿಂತು ಜನ ಬಾಗಿಲಿಗೆ ಬಂದರು. ಕೋರ್ಟಿಗೆ ಬಂದಿದ್ದ ಇಬ್ಬರು ಹಿರಿಯರೂ ಬಂದರು. ಓದಿ ಮುಗಿದಾಗ ನೇಕಾರ ಅವರ ಕಡೆ ಕೋಲು ಎತ್ತಿ ಕೂಗಿದ:

"ಕೇಳಸ್ತೇನ್ರಿ ಕಾಕಾ? ಇಲ್ಲಂದ್ರ ಇನ್ನೊಮ್ಮೆ ಓದಸ್ತೇನಿ!"